ಜೋಗುಳ ಭಾಷಣ

ಮೂರನೆಯ ವಾಕ್ಯಕ್ಕೇ ಮೊಮ್ಮಗ ನಿದ್ದೆ ಹೋದ. ತಾತ ತೊಟ್ಟಿಲ ಮುಂದೆ ನೆಟ್ಟಗೆ ನಿಂತು, "ಬೆಂಕಿ ಅವಘಡದ ಸಂದರ್ಭದಲ್ಲಿ ಗಾಬರಿಯಾಗದೆ..." ಎನ್ನುವಷ್ಟರಲ್ಲಿ ಸಣ್ಣ ಗೊರಕೆ ಕೇಳಿಸಿತು. ಮಗಳು ಬಾಗಿಲಲ್ಲೇ ಕೈ ಮುಗಿದಳು.

"ಅಪ್ಪಾ, ದಿನಾ ಒಂದು ಭಾಷಣ ಮಾಡ್ಬಿಡಿ. ಬೆಳಿಗ್ಗೆಯಿಂದ ತೂಗಿ ತೂಗಿ ಕೈ ಬಿದ್ದುಹೋಗಿತ್ತು. ನೀವು ಬಾಯಿ ತೆಗೆದಿದ್ದೇ ತಡ, ಮಲಗೇಬಿಟ್ಟ!"

ಅಗ್ನಿಶಾಮಕ ಠಾಣೆಯ ಅಧಿಕಾರಿಯಾದ ತಾತನಿಗೆ ನಗು ಬರಲಿಲ್ಲ. ಮಧ್ಯಾಹ್ನ ಇದೇ ಭಾಷಣವನ್ನು ಒಂದು ಬಟ್ಟೆ ಕಾರ್ಖಾನೆಯಲ್ಲಿ ಮಾಡಬೇಕಿತ್ತು. ಹೋದ ವರ್ಷ ಇನ್ನೊಂದು ಕಾರ್ಖಾನೆಯಲ್ಲಿ ಮಾಡಿದ್ದರು. ಊಟ ಮುಗಿಸಿ ಬಂದು ಕೂತವರು ಸಾಲುಸಾಲಾಗಿ ತೂಕಡಿಸಿದ್ದರು. ಆಮೇಲೆ ಅಲ್ಲಿ ನಿಜವಾಗಿಯೂ ಬೆಂಕಿ ಬಿತ್ತು. ತುರ್ತು ಬಾಗಿಲಿನ ಕಡೆ ಒಬ್ಬರೂ ಓಡಲಿಲ್ಲ, ಇಬ್ಬರು ಹೊರಗೆ ಬರಲೇ ಇಲ್ಲ. ಆ ಬಾಗಿಲಿನ ವಿಷಯ ಹೇಳಿಯೂ ಹೇಳದಂತಾಯಿತಲ್ಲ ಎಂಬ ಸಂಕಟ ಅವರನ್ನು ಇನ್ನೂ ಬಿಟ್ಟಿರಲಿಲ್ಲ.

"ಎಬ್ಬಿಸು ಅವನನ್ನ," ಎಂದರು.

"ಏನಂದ್ರಿ?"

"ಇವನು ನಿದ್ದೆ ಮಾಡದ ಹಾಗೆ ಮಾತಾಡೋಕೆ ಬಂದ್ರೆ ಯಾರ ಮುಂದೆ ಬೇಕಾದ್ರೂ ಮಾತಾಡ್ಬಹುದು."

ಮಗಳು ಹಣೆ ಚಚ್ಚಿಕೊಂಡು ಎಬ್ಬಿಸಿದಳು. ಅವರು ಜೋರಾಗಿ ಶುರುಮಾಡಿದರು. ಮಗು ಸೂರು ಹಾರಿಹೋಗುವಂತೆ ಅತ್ತಿತು. ಗಡಗಡ ಒಪ್ಪಿಸಿದರು; ಅದು ಕಾಲ್ಬೆರಳನ್ನು ಬಾಯಿಗಿಟ್ಟುಕೊಂಡು ಆಚೆ ತಿರುಗಿತು.

"ಒಂದೇ ಸಮ ಕೂಗಿದ್ರೂ ಅಷ್ಟೇ, ಒಂದೇ ಸಮ ಗೊಣಗಿದ್ರೂ ಅಷ್ಟೇ ಅಪ್ಪಾ. ಏರಿಸಿ, ಇಳಿಸಿ, ಮಧ್ಯೆ ಒಂಚೂರು ನಿಲ್ಲಿಸಿ. ಅಮ್ಮ ಪಕ್ಕದ ಮನೆ ಸುದ್ದಿ ಹೇಳೋದು ಕೇಳಿಲ್ವಾ?"

ಕೇಳದೆ ಏನು! ಆ ಸುದ್ದಿಗೆ ಎಷ್ಟೋ ಸಲ ಕಾಫಿ ಆರಿಹೋಗಿತ್ತು. ಅವರು ತೊಟ್ಟಿಲ ಮೇಲೆ ಬಗ್ಗಿ, ಹೆಂಡತಿಯ ಧಾಟಿಯಲ್ಲೇ, "ಕರೆಂಟ್ ಹೋಯ್ತು..." ಎಂದು ಪಿಸುಗುಟ್ಟಿ ಸುಮ್ಮನಾದರು. ಮಗು ಕಣ್ಣರಳಿಸಿತು. "ಹೊಗೆ!" ಎಂದರು ಥಟ್ಟನೆ. ಮಗು ಕೇಕೆ ಹಾಕಿ ನಕ್ಕಿತು. ಅಧಿಕಾರಿ ಕುಣಿಯುವುದೊಂದು ಬಾಕಿ.

ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳನ್ನು ನಿಲ್ಲಿಸಿ ಎಲ್ಲರನ್ನೂ ಬೆಂಚುಗಳ ಮೇಲೆ ಕೂರಿಸಿದ್ದರು. "ಬೇಗ ಮುಗಿಸಿ ಸಾರ್, ಆರ್ಡರ್ ಅರ್ಜೆಂಟಿದೆ," ಎಂದು ಮ್ಯಾನೇಜರ್ ಕಿವಿಯಲ್ಲಿ ಉಸುರಿ, ಪಕ್ಕದ ಕುರ್ಚಿಯಲ್ಲಿ ಕುಳಿತ. ಆಗಲೇ ಎರಡು ಆಕಳಿಕೆ ಕಂಡವು.

"ಕರೆಂಟ್ ಹೋಯ್ತು," ಎಂದರು ಅಧಿಕಾರಿ, ಮೈಕಿಗೂ ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ. ಮುಂದಿನ ಸಾಲು ಬಗ್ಗಿ ಕಿವಿಗೊಟ್ಟಿತು. "ಏನೂ ಕಾಣ್ತಿಲ್ಲ. ಪಕ್ಕದವಳು ಕೆಮ್ತಿದ್ದಾಳೆ." ಮಾತು ನಿಲ್ಲಿಸಿದರು. ಒಂದು ಬಳೆ ಸಹ ಸದ್ದು ಮಾಡಲಿಲ್ಲ. "ಹೊಗೆ!" ಇಡೀ ಹಾಲ್ ಬೆಚ್ಚಿಬಿತ್ತು. ಅವರು ಒಂದೊಂದೇ ಸಾಲಿನ ಮೇಲೆ ಕಣ್ಣಾಡಿಸಿದರು. ಎಲ್ಲರೂ ಎಚ್ಚರವಾಗಿದ್ದಾರೆ, ಎಲ್ಲರೂ!

"ಈಗ ಹೇಳಿ, ಬಾಗಿಲು ಎಲ್ಲಿ?"

ಇಷ್ಟು ವರ್ಷ ಇದಕ್ಕೆ ತಾವೇ ಉತ್ತರ ಹೇಳಿ ಮುಂದೆ ಓಡುತ್ತಿದ್ದರು. ಇವತ್ತು ತುಟಿ ಬಿಗಿಹಿಡಿದು ಕಾದರು. ಒಂದೊಂದೇ ಕತ್ತು ಹಿಂದಕ್ಕೆ ತಿರುಗಿತು. ತುರ್ತು ಬಾಗಿಲು ಅಲ್ಲೇ ಇತ್ತು, ಆದರೆ ಕಾಣುತ್ತಿದ್ದದ್ದು ಅದರ ಮೇಲಿನ ಕೆಂಪು ಫಲಕ ಮಾತ್ರ. ಬಾಗಿಲಿಗೆ ಒತ್ತಿ ಬಟ್ಟೆಯ ಬಂಡಲುಗಳನ್ನು ಚೌಕಟ್ಟಿನೆತ್ತರಕ್ಕೆ ಪೇರಿಸಿದ್ದರು.

"ಅದು... ನಾಳೆ ತೆಗೆಸ್ತೀವಿ ಸಾರ್. ನೀವು ಮುಂದುವರಿಸಿ," ಎಂದು ಮ್ಯಾನೇಜರ್ ತೊದಲಿದ.

ಕೊನೆಯ ಸಾಲಿನಿಂದ ಒಬ್ಬಾಕೆ ಎದ್ದಳು. ಯಾರನ್ನೂ ಕೇಳಲಿಲ್ಲ, ತೋಳು ಮೇಲೇರಿಸಿ ಮೊದಲ ಬಂಡಲನ್ನು ಎಳೆದು ಕೆಳಗೆ ಹಾಕಿದಳು. ಪಕ್ಕದವಳೂ ಎದ್ದಳು. ಬೆಂಚುಗಳು ಕಿರ್ರೆಂದು ಸರಿದವು.

ಭಾಷಣ ಇನ್ನೂ ಅರ್ಧ ಬಾಕಿಯಿತ್ತು. ಕೇಳುವುದಕ್ಕೆ ಮ್ಯಾನೇಜರ್ ಒಬ್ಬನೇ ಕೂತಿದ್ದ.