ವೈಜಯಂತಿಯ ಕೆಂಪು ಹುಂಜ

ಈ ಮಾತಿನಲ್ಲಿ ಎಳ್ಳಷ್ಟು ಸುಳ್ಳಿದ್ದರೆ ಇವತ್ತಿನಿಂದ ನನ್ನ ಗಂಜಿಗೆ ಒಣಮೀನಿನ ಬಾಲವೂ ಸಿಗದಿರಲಿ. ಮಾಜಾಳಿಯಲ್ಲಿ ನಿಜವಾಗಿ ನಡೆದದ್ದು.

"ನನ್ನ ಹುಂಜ ಯಾರು ತಿಂದ್ರು ಅಂತ ಕ್ಯಾಮೆರಾದಲ್ಲಿ ಬಂದದೆ," ಎಂದಳು ವೈಜಯಂತಿ, ಬೆಳಗಿನ ನಲ್ಲಿಕಟ್ಟೆಯಲ್ಲಿ, ಎಲ್ಲರಿಗೂ ಕೇಳುವ ಹಾಗೆ.

ಬದಿಯಲ್ಲಿ ನಿಂತಿದ್ದ ಪುಂಡಲೀಕ ತಟಕ್ಕನೆ ಬಾಯಿ ಒರೆಸಿಕೊಂಡ. ಬಾಯಿಗೆ ಏನೂ ಅಂಟಿರಲಿಲ್ಲ. ಎದ್ದಾಗಿನಿಂದ ಚಹಾ ಕೂಡ ಕುಡಿದಿರಲಿಲ್ಲ.

ವೈಜಯಂತಿ ಮೀನಿನ ಬುಟ್ಟಿ ಹೊತ್ತು ಮನೆ ಮನೆಗೆ ಮಾರುವವಳು. ಗಂಡ ಇಲ್ಲ. ಒಬ್ಬಳೇ ಮಗಳನ್ನು ಆಗಷ್ಟೇ ಗೋವಾಕ್ಕೆ ಕೊಟ್ಟಿದ್ದಳು. ಹೊಸ ಅಳಿಯ ರೂಪೇಶ ಆ ರವಿವಾರ ಮೊದಲ ಸಲ ಊಟಕ್ಕೆ ಬರುವವನಿದ್ದ. ಅವನಿಗೆಂದೇ ಕಾಳು ಹಾಕಿ ಬೆಳೆಸಿದ ಹುಂಜವಂತೆ. ಕೆಂಪು ಮೈಯಂತೆ.

ಪುಂಡಲೀಕ ಆ ಕೇರಿಯ ಬಾಯಿ. ಸೋಮಾರಿಗೊಂದು, ಕುಡುಕನಿಗೊಂದು, ಎದುರು ಮಾತಾಡುವ ಸೊಸೆಗೊಂದು ಗಾದೆ ಅವನ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಮೊದಲು ಜಗಲಿಯ ಮೇಲೆ ಕೂತು ಹೇಳುತ್ತಿದ್ದ. ಮೊಬೈಲು ಬಂದ ಮೇಲೆ ಗುಲಾಬಿ ಹೂವಿನ ಚಿತ್ರದ ಮೇಲೆ ಗಾದೆ ಬರೆಸಿ ಕೇರಿಯ ವಾಟ್ಸಾಪ್ ಗುಂಪಿಗೆ ದಿನಾ ಬೆಳಗ್ಗೆ ಎಸೆಯುತ್ತಿದ್ದ. ಹಿರಿಯರು ಇಷ್ಟೆಲ್ಲ ಗಾದೆ ಕಟ್ಟಿಟ್ಟು ಹೋದದ್ದು ಬೇರೆಯವರಿಗೆ ಚುಚ್ಚಲಿಕ್ಕೆ ಎಂದು ಅವನು ಮನಸಾರೆ ನಂಬಿದ್ದ. ಇಂಥ ದೊಡ್ಡ ಮನುಷ್ಯನನ್ನು ಬರುವ ಸೋಮವಾರ ದೇವಸ್ಥಾನದ ಕಮಿಟಿಗೆ ಅಧ್ಯಕ್ಷನನ್ನಾಗಿ ಮಾಡುವುದೆಂದು ಮಾತಾಗಿತ್ತು.

ಹಿಂದಿನ ವಾರ ಅವನ ಹಿತ್ತಿಲಿಗೆ ಒಂದು ಕೆಂಪು ಹುಂಜ ಬಂದಿತ್ತು. ಯಾರದ್ದೆಂದು ಕೇಳಿದರೆ ಯಾರದ್ದಾದರೂ ಆಗಿಬಿಡುತ್ತದೆ. ಅದಕ್ಕೇ ಅವನು ಕೇಳಿರಲಿಲ್ಲ. ಹೆಂಡತಿ ನೀತಾ ತೆಂಗಿನಕಾಯಿ ಧಾರಾಳ ಅರೆದು ಸಾರು ಮಾಡಿದ್ದಳು.

ನಲ್ಲಿಕಟ್ಟೆಯಿಂದ ಮನೆಗೆ ಬಂದು ಪುಂಡಲೀಕ ಕ್ಯಾಮೆರಾದ ಸುದ್ದಿ ಪಿಸುಗುಟ್ಟಿದ. ನೀತಾ ತಿರುಗಿಯೂ ನೋಡಲಿಲ್ಲ.

"ಎರಡೂ ತೊಡೆ ತಿಂದವ್ರು ನೀವು. ಕ್ಯಾಮೆರಾದಲ್ಲಿ ಬಂದ್ರೆ ನೀವೇ ಬರೂದು."

"ಅದು ಅವಳದ್ದೇ ಅಂತ ಎಂತ ಖಾತ್ರಿ?"

"ಹೋಗಿ ಕೇಳಿ ಬನ್ನಿ ಹಾಗಾದ್ರೆ."

ಪುಂಡಲೀಕ ತಲೆ ಕೆರೆದುಕೊಂಡ. ನಸುಕಿನ ನಿದ್ದೆ ಹಾಳು ಮಾಡುತ್ತವೆಂದು ಕೇರಿಯ ಒಂದೊಂದು ಹುಂಜಕ್ಕೂ ಅವನು ಬೈದದ್ದುಂಟು. ವೈಜಯಂತಿಯ ಹುಂಜಕ್ಕೆ ಬೈದ ನೆನಪಿಲ್ಲ. ಪಾಪ, ಮೂಕ ಹುಂಜವಿರಬೇಕು ಎಂದುಕೊಂಡ.

ಅವಳ ಮನೆಯ ಮಾಡಿನ ಅಂಚಿನಲ್ಲಿ ಗುಂಡಗೆ, ಕಪ್ಪಗೆ ಏನೋ ತೂಗುತ್ತಿದ್ದದ್ದು ಮಾತ್ರ ನಿಜ. ಅಳಿಯ ಗೋವಾದಿಂದ ಕಳಿಸಿದ್ದು ಎಂದು ಊರೇ ಹೇಳಿತು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಗುರುವಾರ ವಾಟ್ಸಾಪ್ ಗುಂಪಿನಲ್ಲಿ ಅವಳ ದನಿ ಬಂತು: "ಸಂಜೆ ರಂಪಣಿ ಬಲೆ ದಡ ಮುಟ್ಟೂದ್ರೊಳಗೆ ನನ್ನ ಅಂಗಳದ ಬುಟ್ಟಿ ಕೆಳಗೆ ಹುಂಜ ಬಂದಿರಬೇಕು. ಬಂದ್ರೆ ಎಲ್ಲಾ ಅಳಿಸಿ ಹಾಕ್ತೆ. ಯಾರು ಅಂತ ಕೇಳೂದಿಲ್ಲ."

ಪುಂಡಲೀಕ ಅದರ ಕೆಳಗೆ ಕಳ್ಳರ ಮೇಲಿನ ಗಾದೆಯೊಂದನ್ನು ಹಾಕಿ, ಕಾರವಾರದ ಬಸ್ಸು ಹತ್ತಿದ.

ಕಾಳಿ ಸೇತುವೆ ದಾಟಿ ಪೇಟೆಗೆ ಹೋದರೆ ಕೋಳಿಯವನ ಹತ್ತಿರ ಉಳಿದದ್ದು ಒಂದೇ ಕೆಂಪು ಹುಂಜ. "ಇವತ್ತು ಮಾಜಾಳಿಯವ್ರಿಗೆ ಎಂತ ಆಗದೆ ಮಾರಾಯ್ರೆ? ಬಂದವ್ರೆಲ್ಲ ಕೆಂಪೇ ಬೇಕು ಅಂತ್ರು," ಎಂದ ಕೋಳಿಯವ. ಪುಂಡಲೀಕನಿಗೆ ವಿಚಾರ ಮಾಡಲು ಪುರುಸೊತ್ತೆಲ್ಲಿ?

ಸಂಜೆ, ಕಡಲಿನಿಂದ ರಂಪಣಿ ಬಲೆ ಎಳೆಯುವ ಹೊತ್ತು. ಕೇರಿಗೆ ಕೇರಿಯೇ ದಡಕ್ಕೆ ಹೋಗಿತ್ತು. ಕ್ಯಾಮೆರಾಕ್ಕೆ ಮುಖ ಕಾಣಬಾರದೆಂದು ಪುಂಡಲೀಕ ಹೆಲ್ಮೆಟ್ ಹಾಕಿಕೊಂಡು, ನಡೆದುಕೊಂಡೇ ಬಂದ. ಅಂಗಳದಲ್ಲಿ ದೊಡ್ಡ ಬುಟ್ಟಿ ಬೋರಲಾಗಿತ್ತು. ಹೊಚ್ಚ ಹೊಸ ಬುಟ್ಟಿ, ಒಂದು ಪುಕ್ಕವೂ ಅಂಟಿರಲಿಲ್ಲ. ಎತ್ತಿದ. ಒಳಗೆ ಆಗಲೇ ನಾಲ್ಕು ಕೆಂಪು ಹುಂಜಗಳು ಒಂದನ್ನೊಂದು ಕುಕ್ಕುತ್ತಿದ್ದವು.

ಥೂ, ಕಳ್ಳರ ಕೇರಿ ಎಂದುಕೊಂಡ ಪುಂಡಲೀಕ. ಒಂದು ಹುಂಜಕ್ಕೆ ಇಷ್ಟು ಜನ ಬಾಯಿ ಹಾಕಿದ್ದಾರೆಯೇ? ಅವನಿಗೆ ಅಸಹ್ಯವಾಯಿತು. ತನ್ನದನ್ನೂ ಒಳಗೆ ತುರುಕಿ ಬುಟ್ಟಿ ಮುಚ್ಚಿ ಓಡಿದ.

ದಡದಲ್ಲಿ ಅವತ್ತು ಹಗ್ಗ ಎಳೆಯಲು ಜನ ಸಾಲಲಿಲ್ಲ. ಒಬ್ಬೊಬ್ಬರೇ ಏದುಸಿರು ಬಿಡುತ್ತ ಬಂದರು. ಬೈಕೇ ಇಲ್ಲದ ನಾಲ್ಕೈದು ಮಂದಿಯ ಮೊಣಕೈಯಲ್ಲಿ ಹೆಲ್ಮೆಟ್ ತೂಗುತ್ತಿತ್ತು. ಎಲ್ಲರೂ ಬಲೆಯನ್ನೇ ನೋಡಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ರವಿವಾರ ವೈಜಯಂತಿ ಅಳಿಯನ ಪಕ್ಕದಲ್ಲಿ ಕೂರಲು ಕೇರಿಯ ಹಿರಿಯನೆಂದು ಪುಂಡಲೀಕನನ್ನೇ ಕರೆದಳು. ಜಗಲಿ ಹತ್ತುವಾಗ ಅವನು ಮಾಡಿನ ಕಡೆ ಕಣ್ಣೆತ್ತಿದ. ತಂತಿಯಲ್ಲಿ ಕಟ್ಟಿದ್ದದ್ದು ಹಳೆಯ ಟಾರ್ಚಿನ ತಲೆ. ಒಳಗೆ ಬಲ್ಬು ಕೂಡ ಇಲ್ಲ.

ಸಿಟ್ಟು ಬಂತು, ಆದರೆ ನುಂಗಿಕೊಂಡ. ಹೋಗಲಿ. ತನ್ನನ್ನು ಯಾರೂ ನೋಡಿಲ್ಲ. ನಾಳೆಯ ಅಧ್ಯಕ್ಷತನ ಭದ್ರ. ತಿಂದ ಹುಂಜವನ್ನು ಅದರ ಯಜಮಾನಿಗೇ ಮುಟ್ಟಿಸಿದ್ದಾಯಿತು, ದೇವರ ಲೆಕ್ಕದಲ್ಲೂ ತಪ್ಪಿಲ್ಲ. ಇಷ್ಟು ಸಮಾಧಾನವಾದ ಮೇಲೆ ಅಳಿಯನಿಗೆ ಪ್ರಾಮಾಣಿಕತೆಯ ಮೇಲೊಂದು ಗಾದೆಯನ್ನೂ ಹೇಳಿದ.

"ತೊಡೆ ಹಾಕ್ಲಾ ದಾದಾ? ನಿಮಗೆ ಅದೇ ಅಲ್ದಾ ಸೇರೂದು," ಎಂದು ವೈಜಯಂತಿ ಎರಡನ್ನೂ ಅವನ ಎಲೆಗೇ ಬಡಿಸಿದಳು.

ಅಂಗಳದಲ್ಲಿ ಉಳಿದ ಹುಂಜಗಳು ಕೂಗಿದವು. ರೂಪೇಶ ಎಲುಬು ಚೀಪುತ್ತ ತಲೆಯೆತ್ತಿದ. "ಅತ್ತೆ, ನೀವು ಕೋಳಿ ಸಾಕೂದು ನನಗೆ ಗೊತ್ತೇ ಇರ್ಲಿಲ್ಲ. ಯಾವಾಗಿಂದ?"

"ಗುರುವಾರ ಸಂಜೆಯಿಂದ," ಎಂದಳು ವೈಜಯಂತಿ. "ಅದಕ್ಕೆ ಮೊದ್ಲು ಈ ಮನೇಲಿ ಒಂದು ಮೊಟ್ಟೆನೂ ಇರ್ಲಿಲ್ಲ."

ನಗುವುದಿದ್ದರೆ ನಗಿ. ಅಂದ ಹಾಗೆ, ನೀವು ಬಂದು ಕೂರುವ ಮೊದಲು ಇಲ್ಲಿ ನನ್ನದೊಂದು ಛತ್ರಿ ಇತ್ತು. ಒಯ್ದವರು ಯಾರೆಂದು ನನಗೆ ಗೊತ್ತು, ಹೆಸರು ಹೇಳುವುದಿಲ್ಲ. ಕತ್ತಲಾಗುವುದರೊಳಗೆ ತಂದಿಟ್ಟುಬಿಡಿ. ಹೊಸದೇ ಆದರೂ ಅಡ್ಡಿಯಿಲ್ಲ.