ಕಿವಿ ಇರುವ ಕಳಶ

"ಚಪ್ಪಲಿ ಅಲ್ಲೇ ಬುಟ್ಟು ಬನ್ನಿ ಯಜಮಾನ್ರೆ, ಒಳಗೆ ಕಳ್ಸ ಕೂರ್ಸಿದೀನಿ" ಎಂದಳು ಪುಟ್ಟಕ್ಕ.

ಶಂಕರಲಿಂಗಪ್ಪ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಳಗೆ ಬಂದರು. ದೇವರ ಗೂಡಿನ ಕಡೆ ನೋಡಿದವರು ಹಾಗೇ ನಿಂತುಬಿಟ್ಟರು. ಯಾವ ಫುಟ್‌ಬಾಲ್ ಕಪ್ಪಿಗಾಗಿ ಮಧುಗಿರಿಯಿಂದ ಐ.ಡಿ.ಹಳ್ಳಿಯವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದರೋ ಆ ಕಪ್ಪು ಮಣೆಯ ಮೇಲೆ ಕೂತಿತ್ತು. ಹೊಟ್ಟೆ ತುಂಬ ಅಕ್ಕಿ, ಬಾಯಿಗೆ ವೀಳ್ಯದೆಲೆ, ಮೇಲೊಂದು ತೆಂಗಿನಕಾಯಿ. 'ವರ್ಷದ ಆಟಗಾರ' ಎಂದು ಕೆತ್ತಿಸಿದ್ದ ಜಾಗದಲ್ಲಿ ದಪ್ಪಗೆ ಭಂಡಾರದ ಅರಿಸಿನ ಬಳಿದು ಕುಂಕುಮ ಇಟ್ಟಿದ್ದಳು ಪುಣ್ಯಾತ್ಗಿತ್ತಿ.

ಶಂಕರಲಿಂಗಪ್ಪನವರದು ಪೇಟೆಯಲ್ಲಿ ಬಟ್ಟೆ ಅಂಗಡಿ. ಫುಟ್‌ಬಾಲ್ ಕ್ಲಬ್ಬಿಗೆ ಸೆಕ್ರೆಟರಿ. ಎಂಬತ್ತನೇ ಇಸವಿಯಲ್ಲಿ ಈ ಕಪ್ಪನ್ನು ಪುಟ್ಟಕ್ಕನ ಮಗ ಯತ್ತಪ್ಪನ ಕೈಗೆ ಕೊಡಿಸಿದವರೂ ಅವರೇ. ವರ್ಷ ಕಳೆದಿತ್ತು. ಅಂದು ಸಂಜೆಯೇ ಸಮಾರಂಭ. ಕಪ್ಪು ತಂದುಕೊಡು ಎಂದು ಎಷ್ಟು ಹೇಳಿ ಕಳಿಸಿದರೂ ಯತ್ತಪ್ಪ ಉಸಿರೆತ್ತಿರಲಿಲ್ಲ. ಆ ಸಿಟ್ಟಿಗೆ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದರು. ಆದರೆ ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನುಷ್ಯ, ಪೂಜೆಗೆ ಕೂತ ಕಳಶದ ಮುಂದೆ ಬಾಯಿ ಬಿಡುವುದು ಹೇಗೆ? ಮೊದಲು ಕೈ ಮುಗಿದರು. ಪೇಚಾಟ ಶುರುವಾದದ್ದು ಆಮೇಲೆ.

"ಪುಟ್ಟಕ್ಕ, ಇದು ಕ್ಲಬ್ಬಿನ ಕಪ್ಪು ಕಣಮ್ಮ. ಸಂಜೆಗೆ ಬೇಕು. ಈ ವರ್ಷದ ಆಟಗಾರನಿಗೆ ಕೊಡ್ಬೇಕು."

"ನನ್ ಮಗುಂಗೆ ಕೊಟ್ರಲ್ಲ? ಕೊಟ್ಟಿದ್ದನ್ನ ಯಾರಾನಾ ವಾಪಸ್ ಕೇಳ್ತಾರಾ?"

"ಇದು ರೋಲಿಂಗ್ ಕಪ್ಪು. ಒಬ್ಬರ ಹತ್ರಾನೇ ಇರಲ್ಲ. ವರ್ಷವರ್ಷ ಉರುಳ್ತಾ ಹೋಗುತ್ತೆ."

"ಉರುಳೋದು ಅಂತ ಆವತ್ತೇ ಹೇಳ್ಬೇಕಿತ್ತು. ಈಗ ಕೂರ್ಸ್ಬುಟ್ಟಿದೀನಿ."

ಯತ್ತಪ್ಪ ಮೂಲೆಯಲ್ಲಿ ಕಂಬಳಿಯ ಮೇಲೆ ಬಲಗಾಲು ಚಾಚಿ ಕೂತಿದ್ದ. ಮಳೆಗಾಲದಲ್ಲಿ ಶಿರಾದವರ ಮೇಲಿನ ಪಂದ್ಯದಲ್ಲಿ ಅವನ ಮಂಡಿ ಮುರಿದಿತ್ತು. ಅವನನ್ನು ಹೊತ್ತು ತಂದ ದಿನವೇ ಪುಟ್ಟಕ್ಕ ಕಳಶ ಕೂರಿಸಿ, ಮಗ ಮತ್ತೆ ಚೆಂಡು ಒದೆಯುವವರೆಗೆ ಕದಲಿಸುವುದಿಲ್ಲ ಎಂದು ಹರಕೆ ಹೊತ್ತಿದ್ದಳು. ಕೂರಿಸಿದ ಕಳಶವನ್ನು ಬೇರೆ ಯಾರೂ ಎತ್ತುವ ಹಾಗಿಲ್ಲ. ಕೂರಿಸಿದವರೇ ಒಂದಿಷ್ಟು ಸರಿಸಿ, ದೇವರನ್ನು ಕಳಿಸಿಕೊಡಬೇಕು. ಆಮೇಲಷ್ಟೇ ಅದು ಪಾತ್ರೆ.

"ನಾನು ಒಳ್ಳೇ ಹಿತ್ತಾಳೆ ಚೊಂಬು ತಂದ್ಕೊಡ್ತೀನಿ ತಾಯಿ. ದೇವ್ರನ್ನ ಅದಕ್ಕೆ ಬದಲಾಯಿಸು."

"ದೇವ್ರೇನು ಬಾಡಿಗೆ ಮನೇಲವ್ನಾ, ಅಲ್ಲಿಂದ ಎಬ್ಬಿಸಿ ಇಲ್ಲಿ ಕೂರ್ಸಕ್ಕೆ? ಚೊಂಬು ನಮ್ಮನೇಲೂ ಅದೆ." ಪುಟ್ಟಕ್ಕ ಕಪ್ಪಿನ ಎರಡು ಬದಿಯ ಹಿಡಿಗಳನ್ನು ತೋರಿಸಿದಳು. "ಇದಕ್ಕೆ ನೋಡಿ, ಕಿವಿ ಅವೆ. ಕಿವಿ ಇರೋ ಕಳ್ಸ, ಹೇಳ್ಕೊಂಡಿದ್ದು ಕೇಳುಸ್ಕೊಂತದೆ. ಪಟ್ಟಿ ಬಿಚ್ಚಾಯ್ತು, ಗೋಡೆ ಹಿಡ್ಕಂಡು ನಡೀತಾವ್ನೆ. ಇನ್ನೇನು, ಆಡ್ತಾನೆ."

ಬೇರೆ ದಿನವಾಗಿದ್ದರೆ ಶಂಕರಲಿಂಗಪ್ಪ ನಕ್ಕುಬಿಡುತ್ತಿದ್ದರು. ತುಮಕೂರಿನ ಡಾಕ್ಟರು ಹೇಳಿದ್ದನ್ನು ಯತ್ತಪ್ಪನ ಪಕ್ಕದಲ್ಲೇ ನಿಂತು ಅವರೂ ಕೇಳಿದ್ದರು. ಆ ಮಾತು ಈ ಮನೆಯ ಹೊಸಿಲು ದಾಟಿಲ್ಲ ಎಂಬುದು ಈಗ ತಿಳಿಯಿತು. ಯತ್ತಪ್ಪನ ಕಡೆ ತಿರುಗಿದರು. ಅವನು ಕಂಬಳಿಯ ಎಳೆ ಕೀಳುತ್ತ ಕೂತಿದ್ದ.

"ಇರ್ಲಿ ಬಿಡಮ್ಮ" ಎಂದರು. "ಈ ಸಲದ ಹುಡುಗನಿಗೆ ಒಂದು ಶಾಲು ಹೊದಿಸಿ ಕಳಿಸ್ತೀವಿ. ಕಪ್ಪು ನಿಮ್ಮನೇಲೇ ಇರ್ಲಿ." ಚಪ್ಪಲಿಯ ಕಡೆ ಹೊರಟೂಬಿಟ್ಟರು. ಕಮಿಟಿಯವರಿಗೆ ಏನು ಹೇಳಬೇಕೆಂದು ಅವರಿಗೇ ಗೊತ್ತಿರಲಿಲ್ಲ.

"ತಡೀರಿ ಸಾರ್" ಎಂದ ಯತ್ತಪ್ಪ. ಗೋಡೆ ಹಿಡಿದು ಎದ್ದು ನಿಂತ. "ಅವ್ವಾ, ಕದಲಿಸ್ಬುಡು."

"ನೀನು ಬಾಲು ಒದಿಯೋಗಂಟ ಅಂತ ಹೇಳ್ಕಂಡಿದೀನಿ ಕಣ್ಲಾ."

"ನಾನಿನ್ನು ಒದಿಯಾಕಿಲ್ಲ ಕಣವ್ವ. ನಡೀಬೋದು, ಕುರಿ ಹಿಂದೆ ಹೋಗ್ಬೋದು, ಆಡಂಗಿಲ್ಲ ಅಂತ ಡಾಕ್ಟ್ರು ಯಾವತ್ತೋ ಹೇಳವ್ರೆ. ನೀನು ನೋಡುದ್ರೆ ದಿನಾ ಇದರ ಮುಂದೆ ದೀಪ ಹಚ್ತೀಯ. ನಾನು ಹೆಂಗೆ ಹೇಳ್ಲಿ?"

ಪುಟ್ಟಕ್ಕ ಅಳಲಿಲ್ಲ, ಮಗನ ಕಡೆ ನೋಡಲೂ ಇಲ್ಲ. ಇಷ್ಟು ದಿನ ತನ್ನೊಬ್ಬಳಿಗೇ ಗೊತ್ತಿಲ್ಲದೆ ಹೋಯಿತಲ್ಲ ಎಂಬ ಅವಮಾನವೋ, ಇವನು ಒಬ್ಬನೇ ಇದನ್ನು ನುಂಗಿಕೊಂಡು ಕೂತಿದ್ದನಲ್ಲ ಎಂಬ ಸಂಕಟವೋ, ಅವಳ ಮುಖ ಬಿಗಿಯಿತು. ಸೆರಗು ಹೊದ್ದು ಮಣೆಯ ಮುಂದೆ ಕೂತಳು. ಎರಡೂ ಹಿಡಿ ಹಿಡಿದು "ಹೋಗ್ಬಾ ನಮ್ಮಪ್ಪ" ಎಂದು ಕಪ್ಪನ್ನು ಒಂದು ಬೆರಳಷ್ಟು ಸರಿಸಿದಳು. ತೆಂಗಿನಕಾಯಿ ತೆಗೆದಳು. ಅಕ್ಕಿಯನ್ನು ಮೊರಕ್ಕೆ ಸುರಿದು, ಬರಿ ಪಾತ್ರೆ ಕೊಡಬಾರದೆಂದು ತಳದಲ್ಲಿ ಒಂದು ಹಿಡಿ ಉಳಿಸಿದಳು. ಒದ್ದೆ ಬಟ್ಟೆಯಿಂದ ಭಂಡಾರ ಒರೆಸಿದಾಗ ಅಕ್ಷರಗಳು ಒಂದೊಂದಾಗಿ ಹೊರಗೆ ಬಂದವು. ಕಪ್ಪು ತೆಗೆದುಕೊಳ್ಳಲು ಶಂಕರಲಿಂಗಪ್ಪ ಎರಡೂ ಕೈ ಚಾಚಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಈ ವರ್ಸ ಯಾರಿಗೆ?" ಎಂದು ಕೇಳಿದಳು.

"ತಿಮ್ಮರಾಯಪ್ಪ ಅಂತ. ಬಡವನಹಳ್ಳಿ ಹುಡುಗ."

"ತಾಯಿ ಅವ್ಳಾ?"

"ಇದಾರೆ."

"ಹಂಗಾರೆ ಆಯಮ್ಮಂಗೆ ಒಂದ್ ಮಾತು ಹೇಳ್ಬುಡಿ ಯಜಮಾನ್ರೆ. ಇದ್ರಾಗೆ ದೇವ್ರನ್ನ ಕೂರ್ಸಬ್ಯಾಡ ಅನ್ನಿ. ವರ್ಸಕ್ಕೆ ವಾಪಸ್ ಕೇಳ್ತಾರೆ."