ಹನ್ನೆರಡರಲ್ಲಿ ಒಂದು

ವೈರಸ್ ಹೊಕ್ಕಿದೆ ಎಂದು ಗೊತ್ತಾದದ್ದು ಬೆಳಿಗ್ಗೆ ಹತ್ತೂಕಾಲಿಗೆ. ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮೇಷ್ಟ್ರು ಟೀ ಲೋಟವನ್ನು ಅಲ್ಲೇ ಬಿಟ್ಟು ಓಡಿದರು. ಮೇಷ್ಟ್ರು ಎಂಬುದು ಅಡ್ಡಹೆಸರು. ಯಾರು ಏನು ಕೇಳಿದರೂ ಪಾಠ ಶುರುಮಾಡುತ್ತಿದ್ದರಲ್ಲ, ಅದಕ್ಕೆ ಬಂದದ್ದು.

ಹೋದ ವರ್ಷವೂ ಹೀಗೇ ಆಗಿತ್ತು. ಹನ್ನೆರಡು ಕಂಪ್ಯೂಟರುಗಳಲ್ಲೂ ಒಂದೇ ತಂತ್ರಾಂಶ. ಒಂದಕ್ಕೆ ತಗುಲಿದ್ದು ಅರ್ಧ ಗಂಟೆಯಲ್ಲಿ ಹನ್ನೆರಡಕ್ಕೂ ಹಬ್ಬಿ, ಮೂರು ದಿನ ಯಾರಿಗೂ ವರದಿ ಸಿಗಲಿಲ್ಲ. ಮೇಷ್ಟ್ರ ಕೆಲಸ ಹೋಗುವುದರಲ್ಲಿತ್ತು.

"ಎಲ್ಲ ಬಾಗಿಲಿಗೂ ಒಂದೇ ಬೀಗ ಹಾಕಿದ್ರೆ ಕಳ್ಳನಿಗೆ ಸುಗ್ಗಿ ಸರ್. ಒಂದೊಂದಕ್ಕೆ ಒಂದೊಂದು ತಂತ್ರಾಂಶ ಹಾಕ್ತೀನಿ," ಎಂದು ನಿರ್ದೇಶಕರ ಕೈಕಾಲು ಹಿಡಿದಿದ್ದರು.

"ಹಾಕಿ. ಇನ್ನೊಂದು ಸಲ ವರದಿ ನಿಂತ್ರೆ ನೀವು ಮನೆಗೆ," ಎಂದಿದ್ದರು ನಿರ್ದೇಶಕರು.

ಹಾಗೆ ಹನ್ನೆರಡಕ್ಕೆ ಹನ್ನೆರಡು ಬಗೆ. ಒಂದರಲ್ಲಿ ಮುದ್ರಿಸುವ ಗುಂಡಿ ಮೇಲೆ, ಇನ್ನೊಂದರಲ್ಲಿ ಕೆಳಗೆ, ಮತ್ತೊಂದರಲ್ಲಿ ಎಲ್ಲಿದೆಯೆಂದು ಅದನ್ನು ಮಾಡಿದವನಿಗೇ ಗೊತ್ತು. ಮೊದಲ ತಿಂಗಳು ಸಿಬ್ಬಂದಿ ಮೇಷ್ಟ್ರ ತಲೆ ತಿಂದರು. ಆಮೇಲೆ ದೂರುಗಳು ತಾವಾಗಿ ನಿಂತವು. ಅಂತೂ ಕಲಿತರು ಎಂದು ಮೇಷ್ಟ್ರು ಬೀಗಿದರು. ಅವರಿಗೆ ಉಳಿದ ಬೇಸರ ಒಂದೇ: ಮೂಲೆ ಮೇಜಿನ ಹಿರಿಯ ಗುಮಾಸ್ತೆ ಅಕ್ಕನ ಸುತ್ತ ಇಡೀ ದಿನ ಜನ. ಸಾಲಿನಲ್ಲಿ ನಿಂತು ಹರಟೆ ಹೊಡೆಯುವವರನ್ನು ಅವರು ಇನ್ನೆಲ್ಲೂ ಕಂಡಿರಲಿಲ್ಲ.

ಮೇಷ್ಟ್ರು ಒಂದೊಂದೇ ಕಂಪ್ಯೂಟರನ್ನು ಚಾಲೂ ಮಾಡಿ ನೋಡಿದರು. ಮೊದಲನೆಯದು ಸರಿ. ಎರಡನೆಯದು ಸರಿ. ಹನ್ನೊಂದೂ ಗುಂಡುಕಲ್ಲಿನಂತಿದ್ದವು, ಕೀಲಿಮಣೆಯ ಅಕ್ಷರ ಕೂಡ ಮಾಸಿರಲಿಲ್ಲ. ಮಲಗಿದ್ದು ಅಕ್ಕನದೊಂದೇ. ಮೇಷ್ಟ್ರ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ನಿರ್ದೇಶಕರು ಬಂದರು. "ಎಷ್ಟು ಹೋದವು?"

"ಹನ್ನೆರಡರಲ್ಲಿ ಒಂದೇ ಸರ್."

ನಿರ್ದೇಶಕರ ಮುಖ ಅರಳಿತು. "ಭೇಷ್. ನಿಮ್ಮನ್ನ ಸುಮ್ನೆ ಬೈದೆ ನಾನು. ಹೊರಗೆ ನಲವತ್ತು ಜನ ಕಾಯ್ತಿದಾರೆ, ವರದಿ ಕೊಡೋಕೆ ಶುರುಮಾಡ್ಸಿ."

ಯಾರೂ ಅಲುಗಾಡಲಿಲ್ಲ. ಎಲ್ಲರೂ ಅಕ್ಕನ ಮುಖ ನೋಡಿದರು.

"ಹನ್ನೊಂದು ಖಾಲಿ ಇವೆಯಲ್ಲ, ಕೂತ್ಕೊಳ್ಳಿ," ಎಂದು ಮೇಷ್ಟ್ರು ಗದರಿದರು.

ಅಕ್ಕ ತಮ್ಮನಿಗೆ ಹೇಳುವಷ್ಟು ಮೆತ್ತಗೆ ಹೇಳಿದರು: "ಅವು ಯಾರಿಗೂ ಬರಲ್ಲ ಮೇಷ್ಟ್ರೇ. ವರ್ಷದಿಂದ ನಾವೆಲ್ಲ ಕೆಲಸ ಮಾಡ್ತಿರೋದು ಇದೊಂದರಲ್ಲೇ."